ಹಡಗು ಕಾಯುವುದಿಲ್ಲ, ಕಡಲು ಕೇಳುವುದಿಲ್ಲ

ಆಫ್ರಿಕಾದ ಪಶ್ಚಿಮ ಕಡಲಿನಲ್ಲಿ, ಭೂಮಧ್ಯರೇಖೆಗೆ ಅಂಟಿಕೊಂಡಂತೆ ಸಾವೋ ಟೋಮೆ ಎಂಬ ಪುಟ್ಟ ದ್ವೀಪವಿದೆ. 2024ರ ಮಾರ್ಚ್ 27ರಂದು 'ನಾರ್ವೇಜಿಯನ್ ಡಾನ್' ಎಂಬ ವಿಹಾರ ಹಡಗು ಅಲ್ಲಿಗೆ ಬಂದು, ದಡದಿಂದ ದೂರದಲ್ಲಿ ಲಂಗರು ಹಾಕಿತ್ತು. ಕೇಪ್‌ಟೌನಿನಿಂದ ಸ್ಪೇನಿನ ಬಾರ್ಸಿಲೋನಾಕ್ಕೆ 21 ದಿನಗಳ ಪ್ರಯಾಣ ಅದು. ಹಡಗಿನವರ ಪ್ರವಾಸಕ್ಕೆ ಸೇರದೆ, ತಾವೇ ಗೊತ್ತುಮಾಡಿಕೊಂಡ ವ್ಯವಸ್ಥೆಯಲ್ಲಿ ದ್ವೀಪ ಸುತ್ತಲು ಹೋಗಿದ್ದ ಎಂಟು ಮಂದಿ ಮರಳುವಾಗ ತಡವಾಯಿತು. ಅವರು ಬಂದಾಗ ಹಡಗು ಇನ್ನೂ ಕಣ್ಣೆದುರೇ ಇತ್ತು. ಅಲ್ಲಿನ ಕರಾವಳಿ ಕಾವಲು ಪಡೆಯವರು ದೋಣಿಯಲ್ಲಿ ಕೂರಿಸಿಕೊಂಡು ಹಡಗಿನ ಬಳಿಗೂ ಒಯ್ದರು. ಆದರೆ ಹತ್ತಿಸಿಕೊಳ್ಳಲಿಲ್ಲ!

ಅವರ ಪಾಸ್‌ಪೋರ್ಟುಗಳನ್ನು ಹಡಗಿನವರು ಸ್ಥಳೀಯ ಬಂದರು ಏಜೆಂಟರ ಕೈಗೆ ಒಪ್ಪಿಸಿ ಹೊರಟುಹೋದರು. ಬಟ್ಟೆಬರೆ, ದಿನನಿತ್ಯದ ಔಷಧಿ ಎಲ್ಲವೂ ಹಡಗಿನ ಕೋಣೆಯಲ್ಲಿ. ಗುಂಪಿನಲ್ಲಿ ಒಬ್ಬ ಗರ್ಭಿಣಿಯೂ ಇದ್ದರು. ವಿಮಾನದಿಂದ ವಿಮಾನಕ್ಕೆ ಬದಲಾಯಿಸುತ್ತ, ಹಲವು ದೇಶಗಳನ್ನು ಹಾದು, ಮುಂದಿನ ಬಂದರು ಇದ್ದ ಗ್ಯಾಂಬಿಯಾಕ್ಕೆ ಹೋಗಿ ಕಾದು ನಿಂತರು. ಈ ಬಾರಿ ಅವರು ಸಮಯಕ್ಕೆ ಸರಿಯಾಗಿ ಬಂದಿದ್ದರು, ಬಾರದೇ ಹೋದದ್ದು ಹಡಗು! ಹವೆ ಸರಿಯಿಲ್ಲ, ಉಬ್ಬರವಿಳಿತದ ಲೆಕ್ಕ ಕೂಡಿಬರಲಿಲ್ಲ ಎಂದು ಕಪ್ತಾನರು ಗ್ಯಾಂಬಿಯಾವನ್ನೇ ಬಿಟ್ಟು ಮುಂದೆ ಸಾಗಿದ್ದರು. ಅಲ್ಲಿಂದ ರಸ್ತೆ ಹಿಡಿದು ಸೆನೆಗಲ್ ದೇಶದ ಡಾಕರ್ ನಗರ ಸೇರಿದ ಬಳಿಕ, ಏಪ್ರಿಲ್ 2ರಂದು ಹಡಗು ಮತ್ತೆ ಸಿಕ್ಕಿತು.

ಆ ದಿನಗಳಲ್ಲಿ ಈ ಸುದ್ದಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಕಪ್ತಾನರದು ಕಲ್ಲುಮನಸ್ಸು ಎಂದವರುಂಟು, ತಡಮಾಡಿದವರದೇ ತಪ್ಪು ಎಂದವರೂ ಉಂಟು. ಈ ವಾದದ ಗದ್ದಲದಲ್ಲಿ ಗ್ಯಾಂಬಿಯಾದ ಕತೆ ಹಿಂದೆ ಸರಿಯಿತು. ಪ್ರಯಾಣಿಕ ಒಂದು ಗಂಟೆ ತಡಮಾಡಿದರೆ ಹಡಗು ಬಿಟ್ಟುಹೋಗುತ್ತದೆ. ಹಡಗೇ ಒಂದು ದೇಶವನ್ನು ಬಿಟ್ಟುಹೋದರೆ ಪ್ರಯಾಣಿಕ ಕೇಳುವಂತಿಲ್ಲ. ಟಿಕೆಟ್ಟಿನ ಷರತ್ತುಗಳಲ್ಲಿ ಇವೆರಡನ್ನೂ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ. ಯಾವ ಬಂದರನ್ನಾದರೂ ಬಿಡುವ, ಬದಲಿಸುವ, ವೇಳೆ ಹಿಂದುಮುಂದು ಮಾಡುವ ಅಧಿಕಾರ ಕಂಪೆನಿಯದು. ಬಿಟ್ಟುಹೋದ ಬಂದರಿನ ಶುಲ್ಕ, ತೆರಿಗೆಗಳನ್ನು ಸಾಮಾನ್ಯವಾಗಿ ಹಿಂದಿರುಗಿಸುತ್ತಾರೆ. ಅದು ಇಡೀ ಪ್ರಯಾಣದ ವೆಚ್ಚದಲ್ಲಿ ಅಲ್ಪ ಮೊತ್ತ. ಬಣ್ಣದ ಕೈಪಿಡಿಯಲ್ಲಿ ಅಚ್ಚಾದ ಬಂದರುಗಳ ಪಟ್ಟಿಯನ್ನು ರೈಲ್ವೆ ವೇಳಾಪಟ್ಟಿಯಂತೆ ನಂಬಿ ಹೊರಡುವವರಿಗೆ ನಿರಾಸೆಯಾಗುವುದು ಇಲ್ಲೇ.

ಗಾಳಿಯ ಎದುರು ಒಂದು ಗೋಡೆ

ಇಷ್ಟು ದೊಡ್ಡ ಹಡಗು ಗಾಳಿಗೆ ಹೆದರುವುದೇ ಎಂದು ಮಕ್ಕಳು ಕೇಳುವುದುಂಟು. ದೊಡ್ಡದಾಗಿರುವುದರಿಂದಲೇ ಹೆದರುತ್ತದೆ. 300 ಮೀಟರ್ ಉದ್ದ, ನೀರಿನ ಮೇಲೆ ಹತ್ತಕ್ಕೂ ಹೆಚ್ಚು ಅಂತಸ್ತು ಎಂದರೆ ಹಡಗಿನ ಒಂದು ಮಗ್ಗುಲು 10,000 ಚದರ ಮೀಟರಿನ ಗೋಡೆಯಂತೆ. ಗಂಟೆಗೆ 54 ಕಿ.ಮೀ. ವೇಗದ ಗಾಳಿ ಅದಕ್ಕೆ ನೇರವಾಗಿ ಬಡಿದರೆ ಸುಮಾರು 140 ಟನ್ ತೂಕದಷ್ಟು ಬಲ ಅದನ್ನು ಪಕ್ಕಕ್ಕೆ ದೂಡುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ನಡುಗಡಲಿನಲ್ಲಿ ಇದೇನೂ ದೊಡ್ಡದಲ್ಲ. ಇಕ್ಕಟ್ಟಾದ ಬಂದರಿನ ಬಾಯಲ್ಲಿ, ಎರಡೂ ಬದಿ ಕಲ್ಲಿನ ತಡೆಗೋಡೆ ಇರುವಾಗ, ಇದು ಜೀವನ್ಮರಣದ ಮಾತು. ಮೇಲೆ ಬಿಸಿಲು ಹೊಳೆಯುತ್ತಿದ್ದರೂ ಕಪ್ತಾನರು ಬಂದರಿಗೆ ಹೋಗಲು ಒಪ್ಪದಿರುವುದು ಈ ಕಾರಣಕ್ಕೇ.

ಇನ್ನು ಕೆಲವು ಕಡೆ ದೊಡ್ಡ ಹಡಗು ನಿಲ್ಲಲು ದಕ್ಕೆಯೇ ಇಲ್ಲ. ಗ್ರೀಸಿನ ಸ್ಯಾಂಟೊರಿನಿ, ಕೆರಿಬಿಯನ್ ಕಡಲಿನ ಗ್ರ್ಯಾಂಡ್ ಕೇಮನ್, ನಮ್ಮದೇ ಲಕ್ಷದ್ವೀಪದ ಹವಳದ ದ್ವೀಪಗಳು ಇಂಥವು. ಹಡಗು ಆಚೆ ನಿಲ್ಲುತ್ತದೆ, ಜನ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಹಡಗಿನ ಬಾಗಿಲಿಗೂ ದೋಣಿಗೂ ನಡುವೆ ಒಂದು ಹೆಜ್ಜೆ ಅಂತರ. ಅಲೆ ಎದ್ದಾಗ ದೋಣಿ ಒಮ್ಮೆ ಮೊಣಕಾಲಿನ ಮಟ್ಟಕ್ಕೆ ಏರಿ ಒಮ್ಮೆ ಪಾತಾಳಕ್ಕೆ ಇಳಿಯುತ್ತದೆ. ಎಪ್ಪತ್ತು ವರ್ಷದ ಅಜ್ಜಿಯನ್ನು ಅಲ್ಲಿ ದಾಟಿಸುವ ಎದೆಗಾರಿಕೆ ಯಾರಿಗೂ ಬೇಡ. ಪಟ್ಟಿಯಲ್ಲಿ ಇಂಥ ಬಂದರು ಎಷ್ಟಿವೆ ಎಂದು ಮೊದಲೇ ಎಣಿಸಿಕೊಂಡರೆ ಎಷ್ಟು ತಪ್ಪಿಹೋಗಬಹುದು ಎಂಬ ಅಂದಾಜೂ ಸಿಗುತ್ತದೆ.

ತಡವಾದರೆ ವೇಗವಾಗಿ ಓಡಿಸಿ ಸರಿದೂಗಿಸಬಾರದೇ? ಇಲ್ಲಿ ಲೆಕ್ಕ ಸ್ವಲ್ಪ ಕ್ರೂರ. ಹಡಗಿನ ವೇಗ ಹೆಚ್ಚಿದಂತೆ ಅದಕ್ಕೆ ಬೇಕಾದ ಶಕ್ತಿ ಸರಿಸುಮಾರು ವೇಗದ ಘನದಷ್ಟು ಏರುತ್ತದೆ. 18 ನಾಟ್, ಅಂದರೆ ಗಂಟೆಗೆ 33 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ಹಡಗು 20 ನಾಟ್‌ಗೆ, ಅಂದರೆ 37 ಕಿ.ಮೀ.ಗೆ ಏರಬೇಕಾದರೆ ಎಂಜಿನ್ನಿನ ಶಕ್ತಿ ಶೇ. 37ರಷ್ಟು ಹೆಚ್ಚಬೇಕು. ಒಂದು ಗಂಟೆ ಕಾಯುವುದಕ್ಕೆ ತೆರಬೇಕಾದ ಬೆಲೆ ಇಂಧನದ ರೂಪದಲ್ಲಿ ರಾತ್ರಿಯಿಡೀ ಉರಿಯುತ್ತದೆ. ಜೊತೆಗೆ ಮುಂದಿನ ಬಂದರಿನಲ್ಲಿ ದಾರಿ ತೋರುವ ಪೈಲಟ್, ದಕ್ಕೆಯ ಸರದಿ, ಉಬ್ಬರದ ವೇಳೆ ಎಲ್ಲವೂ ಗೊತ್ತಾಗಿರುತ್ತವೆ. ಎಂಟು ಜನರಿಗಾಗಿ ಎರಡು ಸಾವಿರ ಜನರ ನಾಳೆಯನ್ನು ಕೆಡಿಸಲು ಕಪ್ತಾನರು ಒಪ್ಪುವುದಿಲ್ಲ.

ದೇಶಗಳು ಬಾಗಿಲು ಹಾಕಿದಾಗ

ಹವೆಯೊಂದೇ ಅಲ್ಲ, ರಾಜಕಾರಣವೂ ದಾರಿ ಬದಲಿಸುತ್ತದೆ. 2022ರ ಫೆಬ್ರುವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಬಾಲ್ಟಿಕ್ ಯಾನದ ಕಿರೀಟದಂತಿದ್ದ ಸೇಂಟ್ ಪೀಟರ್ಸ್‌ಬರ್ಗ್ ಪಟ್ಟಿಗಳಿಂದ ಮಾಯವಾಯಿತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಶುರುವಾಗಿ, ಸೂಯೆಜ್ ಮೂಲಕ ಬರಬೇಕಿದ್ದ ಯಾನಗಳು ಕೆಲವು ರದ್ದಾದವು, ಕೆಲವು ಇಡೀ ಆಫ್ರಿಕಾವನ್ನು ಬಳಸಿ ಹೋದವು. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರಿನಲ್ಲಿ ಸರಕು ಹಡಗೊಂದು ಗುದ್ದಿ ಸೇತುವೆಯೇ ಕುಸಿದು ಬಂದರಿನ ದಾರಿ ಮುಚ್ಚಿತು. ಅಲ್ಲಿಂದ ಹೊರಟಿದ್ದ ಎರಡು ವಿಹಾರ ಹಡಗುಗಳು ಮರಳಿ ಬರಲಾಗದೆ ನಾರ್ಫೋಕ್ ಬಂದರಿನಲ್ಲಿ ಯಾನ ಮುಗಿಸಿದವು. ಕಾರು ಬಾಲ್ಟಿಮೋರಿನಲ್ಲಿ, ಜನ ನಾರ್ಫೋಕಿನಲ್ಲಿ!

ಇವೆಲ್ಲವನ್ನೂ ಮೀರಿಸಿದ್ದು 2020ರ ಫೆಬ್ರುವರಿಯ 'ವೆಸ್ಟರ್‌ಡ್ಯಾಮ್' ಪ್ರಸಂಗ. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತು ಹಾಂಗ್‌ಕಾಂಗಿನಿಂದ ಹೊರಟ ಈ ಹಡಗನ್ನು ಕೊರೊನಾ ಭಯದಿಂದ ಫಿಲಿಪೀನ್ಸ್, ತೈವಾನ್, ಜಪಾನ್, ಗುವಾಮ್, ಥಾಯ್ಲೆಂಡ್ ಒಂದರ ಹಿಂದೊಂದರಂತೆ ಬರಬೇಡ ಎಂದವು. ಕಡೆಗೆ ಫೆಬ್ರುವರಿ 13ರಂದು ಕಾಂಬೋಡಿಯ ತನ್ನ ಸಿಹಾನೂಕ್‌ವಿಲ್ ಬಂದರನ್ನು ತೆರೆಯಿತು. ಅಂದಿನ ಪ್ರಧಾನಿ ಹುನ್ ಸೆನ್ ಮರುದಿನ ತಾವೇ ಬಂದು ಹೂ ಕೊಟ್ಟು ಪ್ರಯಾಣಿಕರನ್ನು ಸ್ವಾಗತಿಸಿದರು. ಅದೇ ಮಾರ್ಚಿನಲ್ಲಿ ನಮ್ಮ ನವಮಂಗಳೂರು ಬಂದರಿಗೆ ಬರಬೇಕಿದ್ದ ವಿಹಾರ ಹಡಗಿಗೂ ಪ್ರವೇಶ ಸಿಗಲಿಲ್ಲ.

ಮಂಗಳೂರಿನ ಮಾತು ಬಂದಾಗ ಇನ್ನೊಂದು ಬದಿಯನ್ನೂ ನೋಡಬೇಕು. ಮಳೆಗಾಲ ಕಳೆದ ಮೇಲೆ ಪಣಂಬೂರಿಗೆ ವಿದೇಶಿ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು ಸಂಜೆಗೆ ಹೊರಡುವ ಅತಿಥಿಗಳಿವರು. ಚೆಂಡೆಯ ಸದ್ದು, ಯಕ್ಷಗಾನ ವೇಷದ ಸ್ವಾಗತ, ಆಮೇಲೆ ಕದ್ರಿ, ಕುದ್ರೋಳಿ, ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಒಂದು ಹಡಗು ಬಾರದಿದ್ದರೆ ಹಡಗಿನವರಿಗೆ ಒಂದು ಊರು ತಪ್ಪುತ್ತದೆ. ಮುಂಜಾನೆಯಿಂದ ಕಾದ ಟ್ಯಾಕ್ಸಿಯವರಿಗೆ, ಗೈಡುಗಳಿಗೆ, ಕಲಾವಿದರಿಗೆ ಒಂದು ದಿನದ ದುಡಿಮೆ ತಪ್ಪುತ್ತದೆ. ಯುರೋಪಿನ ಹಡಗುಗಳು ಚಳಿಗಾಲಕ್ಕೆ ಇತ್ತ ಬರುವ ಹತ್ತಿರದ ದಾರಿ ಸೂಯೆಜ್ ಆದ್ದರಿಂದ, ಅಲ್ಲಿ ಗುಂಡು ಹಾರಿದರೆ ಪಣಂಬೂರಿನ ದಕ್ಕೆಗೂ ಅದರ ಬಿಸಿ ತಟ್ಟುತ್ತದೆ.

ಪಳಗಿದವರು ಹೇಳುವುದು

ಮೇಲಿಂದ ಮೇಲೆ ಹಡಗು ಹತ್ತುವವರಲ್ಲಿ ಒಂದು ಒಳ್ಳೆಯ ಗುಣವಿದೆ. ಕಲಿತದ್ದನ್ನು ಹೊಸಬರಿಗೆ ಧಾರಾಳವಾಗಿ ಹೇಳಿಕೊಡುತ್ತಾರೆ. ಊಟದ ಮೇಜಿನಲ್ಲಿ ಪಕ್ಕದವರನ್ನು ಮಾತಾಡಿಸಿದರೆ ಏಜೆಂಟರು ಹೇಳದ ಸಂಗತಿಗಳು ಹೊರಬರುತ್ತವೆ.

ಅವರ ಮೊದಲ ಸಲಹೆ, ಹಡಗು ಹೊರಡುವ ಊರಿಗೆ ಒಂದು ದಿನ ಮುಂಚೆ ಸೇರಿಕೊಳ್ಳಿ ಎಂಬುದು. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಹಿಂದಿರುಗುವಾಗಲೂ ಬೆಳಗಿನ ವಿಮಾನ ಬೇಡ, ಆದರೆ ಮರುದಿನದ್ದೇ ಇರಲಿ. ಕಾಲೇಜು ತೆರೆಯುವ ಹಿಂದಿನ ದಿನ, ಪರೀಕ್ಷೆಯ ಹಿಂದಿನ ದಿನ ಊರಿಗೆ ಮುಟ್ಟುವಂತೆ ಯಾನ ಗೊತ್ತುಮಾಡುವುದು ಜಾಣತನವಲ್ಲ. ಬಾಲ್ಟಿಮೋರಿನ ಪ್ರಯಾಣಿಕರಿಗೆ ಬಸ್ಸಿನ ದಾರಿಯೂ ಸೇರಿಕೊಂಡದ್ದನ್ನು ನೆನೆಯಬಹುದು.

ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ವೀಸಾ. ಬಾರ್ಸಿಲೋನಾದಲ್ಲಿ ಹಡಗು ಹತ್ತಿ, ನಡುವೆ ಟ್ಯುನೀಸಿಯಕ್ಕೋ ಟರ್ಕಿಗೋ ಹೋಗಿ ಮತ್ತೆ ಯುರೋಪಿಗೆ ಬಂದರೆ ಅದು ಎರಡನೆಯ ಪ್ರವೇಶ. ಒಂದೇ ಪ್ರವೇಶದ ಷೆಂಗೆನ್ ವೀಸಾ ಇದ್ದರೆ ಅಲ್ಲಿಗೆ ಮುಗಿಯಿತು. ಸಿಂಗಪುರದಿಂದ ಮಲೇಷ್ಯಕ್ಕೆ ಹೋಗಿ ಮರಳುವ ಮೂರು ದಿನದ ಯಾನಕ್ಕೂ ಇದೇ ನ್ಯಾಯ. ಹಲವು ಪ್ರವೇಶದ ವೀಸಾವನ್ನೇ ಕೇಳಿ ಪಡೆಯಬೇಕು. ಪಟ್ಟಿಯಲ್ಲಿಲ್ಲದ ದೇಶಕ್ಕೆ ಹಡಗು ತಿರುಗಿದರೆ, ವೀಸಾ ಇಲ್ಲದವರು ಹಡಗಿನಲ್ಲೇ ಕುಳಿತು ದಡ ನೋಡಬೇಕಾಗಬಹುದು. ಯಾವ ದೇಶ ಯಾರಿಗೆ ವೀಸಾ ಬಿಡುತ್ತದೆ ಎಂಬ ನಿಯಮ ಆಗಾಗ ಬದಲಾಗುವುದರಿಂದ ಹೋದ ವರ್ಷ ಹೋಗಿಬಂದ ನೆಂಟರ ಮಾತನ್ನು ಈ ಒಂದು ವಿಷಯದಲ್ಲಿ ನಂಬಬಾರದು. ಅಮೆರಿಕದಲ್ಲಿ ಓದುತ್ತಿರುವ ಮಕ್ಕಳು ವಸಂತದ ರಜೆಯಲ್ಲಿ ಗೆಳೆಯರೊಡನೆ ಬಹಾಮಾಸ್‌ಗೆ ಹಡಗು ಹತ್ತುವುದುಂಟು. ಅದೂ ವಿದೇಶ ಪ್ರವಾಸವೇ. ಎಫ್-1 ವೀಸಾದವರು ಹೊರಡುವ ಮೊದಲು ಐ-20 ಪತ್ರದ ಮೇಲೆ ಕಾಲೇಜಿನ ಅಧಿಕಾರಿಯ ಪ್ರಯಾಣದ ಸಹಿ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ನೋಡಿಕೊಳ್ಳಬೇಕು. ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗ ಪೂರ್ವ ಕೆರಿಬಿಯನ್‌ಗೆಂದು ಹೊರಟ ಹಡಗು ಪಶ್ಚಿಮಕ್ಕೆ ತಿರುಗುವುದು ಅಪರೂಪವೇನಲ್ಲ. ಆ ಯಾನಗಳು ಅಗ್ಗವಾಗಿರುವುದಕ್ಕೂ ಇದೇ ಒಂದು ಕಾರಣ.

ದಡಕ್ಕೆ ಇಳಿಯುವಾಗ ಹೆಗಲಿನ ಚೀಲದಲ್ಲಿ ಏನಿರಬೇಕು ಎಂಬುದಕ್ಕೆ ಸಾವೋ ಟೋಮೆಯೇ ಪಾಠ. ಎರಡು ಮೂರು ದಿನದ ಔಷಧಿ, ಪಾಸ್‌ಪೋರ್ಟಿನ ನಕಲು, ಒಂದಲ್ಲ ಎರಡು ಬ್ಯಾಂಕ್ ಕಾರ್ಡು, ಸ್ವಲ್ಪ ಡಾಲರು, ಅಂದಿನ ಬಂದರು ಏಜೆಂಟರ ಫೋನ್ ನಂಬರು. ಈ ನಂಬರನ್ನು ಹಡಗಿನಲ್ಲಿ ದಿನವೂ ಕೊಡುವ ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚು ಮಾಡಿರುತ್ತಾರೆ. ಆ ಹಾಳೆಯನ್ನು ಕೋಣೆಯಲ್ಲೇ ಬಿಟ್ಟು ಹೋಗುವವರೇ ಹೆಚ್ಚು. ಕೈಗೊಂದು ಸಾದಾ ಗಡಿಯಾರ ಕಟ್ಟಿ ಹಡಗಿನ ವೇಳೆಗೆ ಇಟ್ಟುಕೊಳ್ಳಿ. ಮೊಬೈಲ್ ದಡದ ವೇಳೆಗೆ ತಾನಾಗಿ ಬದಲಾಗಿ ಮೋಸ ಮಾಡುತ್ತದೆ.

ಹಡಗಿನವರೇ ಏರ್ಪಡಿಸುವ ದಡದ ಪ್ರವಾಸ ದುಬಾರಿ. ಆದರೆ ಅದು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ಸೇರಿಸುತ್ತಾರೆ. ಸ್ವಂತ ಟ್ಯಾಕ್ಸಿ ಅಗ್ಗ, ಸೊಗಸೂ ಹೌದು, ಹೊಣೆ ಮಾತ್ರ ನಿಮ್ಮದು. ದಕ್ಕೆಯ ಸುತ್ತಮುತ್ತ ನೋಡುವುದಕ್ಕೆ ಟ್ಯಾಕ್ಸಿ, ಗಂಟೆಗಟ್ಟಲೆ ದೂರದ ಊರಿಗಾದರೆ ಹಡಗಿನವರ ಬಸ್ಸು ಎಂಬುದು ಪಳಗಿದವರ ಹಂಚಿಕೆ. ಟ್ಯಾಕ್ಸಿಯಲ್ಲಿ ಹೋದರೆ ಕೊನೆಯ ವೇಳೆಗಿಂತ ಎರಡು ಗಂಟೆ ಮೊದಲೇ ದಕ್ಕೆಗೆ ಮರಳಿ, ಅಲ್ಲೇ ಅಂಗಡಿ ನೋಡುತ್ತ ಕಾಲ ಕಳೆಯುವುದು ಲೇಸು. ಮುಂಗಡ ಕೊಡುವ ಮೊದಲು 'ಹಡಗೇ ಬಾರದಿದ್ದರೆ ಹಣ ವಾಪಸು' ಎಂದು ಬರೆಸಿಕೊಳ್ಳಬೇಕು. ಒಳ್ಳೆಯ ಗೈಡುಗಳು ಇದಕ್ಕೆ ತಕರಾರು ಮಾಡುವುದಿಲ್ಲ.

ವಿಮೆಯನ್ನು ಮರೆಯಬಾರದು. ತಪ್ಪಿದ ಬಂದರಿಗೆ ಪರಿಹಾರವಿದೆಯೇ, ನಡುಗಡಲಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ಎಂದು ಓದಿ ನೋಡಬೇಕು. 2013ರಲ್ಲಿ ವಿಹಾರ ಹಡಗುಗಳ ಅಂತರರಾಷ್ಟ್ರೀಯ ಸಂಘ ಪ್ರಯಾಣಿಕರ ಹಕ್ಕುಗಳ ಪಟ್ಟಿಯೊಂದನ್ನು ಒಪ್ಪಿಕೊಂಡಿತು. ಯಂತ್ರ ಕೆಟ್ಟು ಯಾನ ರದ್ದಾದರೆ ಪೂರ್ತಿ ಹಣ, ನಡುವೆ ನಿಂತರೆ ಭಾಗಶಃ ಹಣ ಎಂದು ಅದರಲ್ಲಿದೆ. ಗಾಳಿ ಮಳೆಗೆ ಬಂದರು ತಪ್ಪಿದರೆ ಅದು ನೆರವಿಗೆ ಬರುವುದಿಲ್ಲ.

ಕೊನೆಗೊಮ್ಮೆ ಧ್ವನಿವರ್ಧಕದಲ್ಲಿ ಕಪ್ತಾನರು ನಾಳಿನ ಬಂದರು ಇಲ್ಲ ಎಂದು ಸಾರಿದಾಗ, ಹೊಸಬರು ಸ್ವಾಗತ ಮೇಜಿನ ಮುಂದೆ ಉದ್ದನೆಯ ಸಾಲು ಕಟ್ಟುತ್ತಾರೆ. ಹಳಬರು ಅತ್ತ ಸುಳಿಯುವುದಿಲ್ಲ. ಮೇಜಿನ ಹಿಂದಿರುವ ಹುಡುಗಿಗೆ ಗಾಳಿಯನ್ನು ತಿರುಗಿಸುವ ಶಕ್ತಿಯಿಲ್ಲ. ಆ ಬಂದರಿಗೆಂದು ಹಡಗಿನ ಮೂಲಕ ಕಟ್ಟಿದ್ದ ಪ್ರವಾಸದ ಹಣ ಖಾತೆಗೆ ಮರಳಿದೆಯೇ ಎಂದು ಸಂಜೆ ನೋಡಿದರೆ ಸಾಕು. ಸ್ವಂತ ಗೈಡಿಗೆ ಕೂಡಲೇ ಸುದ್ದಿ ಮುಟ್ಟಿಸುವುದು ಸೌಜನ್ಯ. ಆದರೆ ಮೊಬೈಲನ್ನು ವಿಮಾನದ ಸ್ಥಿತಿಯಲ್ಲೇ ಇಟ್ಟು ಹಡಗಿನ ವೈ-ಫೈ ಮೂಲಕ ತಿಳಿಸಬೇಕು. ನಡುಗಡಲಿನಲ್ಲಿ ಮೊಬೈಲ್ ತಾನಾಗಿ ಹಿಡಿದುಕೊಳ್ಳುವ ಉಪಗ್ರಹದ ಜಾಲಕ್ಕೆ ಬರುವ ಬಿಲ್ಲು, ತಪ್ಪಿದ ಬಂದರಿಗಿಂತ ಹೆಚ್ಚು ನೋವು ಕೊಟ್ಟ ಉದಾಹರಣೆಗಳಿವೆ.