ಕಿಟಕಿಯ ಮೇಲೆ ಕೂತವನ ಪಾಸ್ಟರ್

ಶನಿವಾರ ಮಧ್ಯಾಹ್ನ ಹುಬ್ಬಳ್ಳಿಯಿಂದ ಗದಗಿಗೆ ಹೊರಟ ಬಸ್ಸು. ಬಾಗಿಲ ಬಳಿ ಉಳ್ಳಾಗಡ್ಡಿ ಚೀಲ, ಎಂಜಿನ್ ಪಕ್ಕ ಯಾರದೋ ಮದುವೆಯ ಪಾತ್ರೆ ಪಗಡ, ನಡುವಿನ ಓಣಿಯಲ್ಲಿ ಗಿಟಾರನ್ನು ಎದೆಗವಚಿಕೊಂಡು ನಿಂತ ಒಬ್ಬ ಮನುಷ್ಯ. ವಯಸ್ಸು ಮೂವತ್ತರ ಆಚೀಚೆ. ತೋಳು ಮಡಚಿದ ಚೌಕಡಿ ಅಂಗಿ, ಮಾಸಿದ ಜೀನ್ಸು. ನಾಳೆ ತೊಡಬೇಕಾದ ಬಿಳಿ ನಿಲುವಂಗಿ ಬೆನ್ನಿನ ಬ್ಯಾಗಿನೊಳಗೆ ರೊಟ್ಟಿಬುತ್ತಿಯ ಕೆಳಗೆ ಸಿಕ್ಕಿಕೊಂಡಿದೆ. ಕೊರಳಿನ ಸಣ್ಣ ಶಿಲುಬೆ ಕಂಡಿದ್ದೇ ಕಂಡಕ್ಟರು ಕೇಳಿದ: "ಫಾದರ್, ಗದಗೇನ್ರಿ?"

ಸೀಟಿನಲ್ಲಿದ್ದ ಅಜ್ಜಿಯ ಕಿವಿ ನೆಟ್ಟಗಾಯಿತು. "ಫಾದರ್ ಅಂದ್ರ ಮದುವಿ ಆಗಂಗಿಲ್ಲಲ್ಲೋ ಯಪ್ಪಾ?"

"ನಾವು ಸಿಎಸ್‌ಐನವ್ರು ಬೇ. ನಮ್ಮೊಳಗ ಮದುವಿ ಮಾಡ್ಕೋತಾರ. ಒಬ್ಬ ಮಗಳದಾಳ."

"ಹಂಗಾದ್ರ ಚಲೋ ಆತು ಬಿಡು" ಎಂದ ಅಜ್ಜಿ ಒತ್ತರಿಸಿಕೊಂಡು ಅರ್ಧ ಸೀಟು ಬಿಟ್ಟುಕೊಟ್ಟಳು.

ಹುಡುಗರ ಬಾಯಲ್ಲಿ ಇವರು ಪಾಸ್ಟರಣ್ಣ. ಯುವಜನರ ಸೇವೆ ಇವರ ಪಾಲಿಗೆ ಬಂದ ಕೆಲಸ. ಅದಕ್ಕೊಂದು ಚರ್ಚಿಲ್ಲ, ಗಂಟೆಯಿಲ್ಲ; ಇರುವುದು ಬಸ್ಸು ಮತ್ತು ಮೊಬೈಲು. ಊರು ದಾಟಿದರೆ ಎರೆಹೊಲ. ಅರಳೆ ಒಡೆದ ಹತ್ತಿ, ಆಗಷ್ಟೇ ಮೊಣಕಾಲೆತ್ತರ ಎದ್ದ ಜೋಳ. ಇವರಿಗೆ ಅದನ್ನೆಲ್ಲ ನೋಡಲು ಪುರುಸೊತ್ತಿಲ್ಲ. ಅಣ್ಣಿಗೇರಿ ಬರುವಷ್ಟರಲ್ಲಿ ಫೋನು ಮೂರು ಸಲ ಗುನುಗಿತು. ಒಬ್ಬಳಿಗೆ ನರ್ಸಿಂಗ್ ಅರ್ಜಿಗೆ ದೀಕ್ಷಾಸ್ನಾನದ ಸರ್ಟಿಫಿಕೇಟು ಬೇಕು. ಮತ್ತೊಬ್ಬ ಬೆಂಗಳೂರಿನ ಪಿಜಿಯಿಂದ ಬರೀ "ಅಣ್ಣಾ" ಎಂದು ಬರೆದು ಸುಮ್ಮನಾಗಿದ್ದಾನೆ. ಆ ಒಂಟಿ "ಅಣ್ಣಾ"ಕ್ಕೆ ಪಾಸ್ಟರಣ್ಣ ಬಹಳ ಹೊತ್ತು ತೆಗೆದುಕೊಂಡು ಉತ್ತರ ಬರೆದರು, ಅಳಿಸಿದರು. ಕಡೆಗೆ ಕಳಿಸಿದ್ದು ಇಷ್ಟೇ: "ಊಟ ಆತೇನು?"

ಸುವಾರ್ತೆ ಸಾರುವವರ ಬಾಯಲ್ಲಿ ಊಟದ ಮಾತೇ ಎಂದು ಯಾರಾದರೂ ಮೂಗು ಮುರಿದರೆ ಇವರ ಬಳಿ ಉತ್ತರ ಸಿದ್ಧವಿದೆ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ. ಸತ್ತು ಎದ್ದುಬಂದ ಯೇಸು, ಬಲೆ ಬೀಸಿ ಸೋತ ಶಿಷ್ಯರಿಗಾಗಿ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟಿಟ್ಟು ಕಾಯುತ್ತಾನೆ. ಪೇತ್ರನಿಗೆ ಕೇಳಬೇಕಾದ ದೊಡ್ಡ ಪ್ರಶ್ನೆ ಬಾಕಿಯಿತ್ತು. ಅದನ್ನು ಕೇಳಿದ್ದು ಊಟವಾದ ಮೇಲೆ.

ಈ ದಾರಿ ಇವರಿಗಿಂತ ಬಹಳ ಹಿಂದೆ ಸವೆದದ್ದು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ. ಆಗ ಕುದುರೆ, ಚಕ್ಕಡಿ. ಅವರ ಹಿಂದೆ ಬಂದ ಕಿಟೆಲ್ ಎಂದರೆ ನಮಗೆ 1894ರ ನಿಘಂಟು ಮಾತ್ರ ನೆನಪು. ಪಾಸ್ಟರಣ್ಣನಿಗೆ ಅದಕ್ಕಿಂತ ಹತ್ತಿರವಾದದ್ದು 1862ರ 'ಕಥಾಮಾಲೆ': ಯೇಸುವಿನ ಕತೆಯನ್ನು ಆ ಜರ್ಮನ್ ಮನುಷ್ಯ ಕನ್ನಡದ ಛಂದಸ್ಸಿಗೆ ಇಳಿಸಿದ ಪುಸ್ತಕ. ನಮ್ಮ ಹುಡುಗರಿಂದ ಗಿಟಾರು ಹಿಡಿದು ಹಾಡಿಸುವುದೂ ಅದೇ ಕಸುಬು ಎಂಬುದು ಇವರ ವಾದ. ಹಿರಿಯರು ಒಪ್ಪಬೇಕಲ್ಲ.

ಒಪ್ಪುವುದಿಲ್ಲ ಎನ್ನುವುದು ರಾತ್ರಿಯೇ ಗೊತ್ತಾಯಿತು. ಗದಗಿನಿಂದ ಟಂಟಂನಲ್ಲಿ ಇನ್ನೊಂದಿಷ್ಟು ದೂರ ಹೋದರೆ ಸಿಗುವ ಹಳ್ಳಿ. ಚರ್ಚಿನ ಕಟ್ಟೆಯ ಮೇಲೆ ಯುವಜನ ಸಂಘದ ಕೂಟ ಸೇರಿತ್ತು. ಸಂಘದ ಬಹುಪಾಲು ಮಂದಿ ಬೆಂಗಳೂರು, ಪುಣೆ ಸೇರಿದ್ದಾರೆ. ಸುಗ್ಗಿ ಹಬ್ಬಕ್ಕೆಂದು ಒಂದಷ್ಟು ಜನ ಬಂದಿದ್ದರು. ಗಿಟಾರು, ಹಲಿಗೆ ಎರಡೂ ಒಟ್ಟಿಗೆ ಶುರುವಾದವು. ಹಲಿಗೆ ಬಡಿಯುವ ಹುಡುಗನ ಕೈ ಬಲು ಚುರುಕು. ಮೂರನೇ ಹಾಡಿಗೆ ಬ್ಯಾಟರಿ ಹಿಡಿದ ಮುದುಕರೊಬ್ಬರು ಬಂದು ನಿಂತರು. "ಏನ್ರೀ ಪಾಸ್ಟರ್, ದೇವರ ಹಾಡೋ, ಡೊಂಬರಾಟೋ?" ಪಾಸ್ಟರಣ್ಣ ವಾದಕ್ಕಿಳಿಯಲಿಲ್ಲ. "ನೀವs ಒಂದು ಹೇಳಿಕೊಡ್ರೀ ಅಜ್ಜಾರ" ಎಂದರು. ಅಜ್ಜ ಹಳೆಯ ಜರ್ಮನ್ ಧಾಟಿಯ ಹಾಡೊಂದನ್ನು ಎತ್ತಿಕೊಂಡರು. ಧಾಟಿ ಬಾಸೆಲ್ಲಿನದು, ರಾಗ ಎಳೆಯುವ ಪರಿ ಅಪ್ಪಟ ಗದಗಿನದು. ಎರಡನೇ ಚರಣಕ್ಕೆ ಹಲಿಗೆ ಮೆಲ್ಲಗೆ ಸೇರಿಕೊಂಡಿತು. ಅಜ್ಜ ಬಯ್ಯಲಿಲ್ಲ, ಮೆಚ್ಚಲೂ ಇಲ್ಲ.

ಭಾನುವಾರ ಚರ್ಚಿನ ಮುಂದೆಲ್ಲ ಹಬ್ಬದ ಕಾಣಿಕೆಗೆ ಬಂದ ಬೆಳೆ. ಶೇಂಗಾ, ಗೋವಿನಜೋಳ, ಹೆಸರು, ಒಣಮೆಣಸಿನಕಾಯಿ, ಕಾಲು ಕಟ್ಟಿದ ಎರಡು ಹುಂಜ. ಇವುಗಳ ನಡುವೆ ಎತ್ತಲು ಇಬ್ಬರು ಬೇಕಾದ ಒಂದು ಕುಂಬಳಕಾಯಿ. ಪ್ರಾರ್ಥನೆಯ ಮಧ್ಯೆ ಹುಂಜ ಕೂಗಿತು; ಯಾರೂ ಕಣ್ಣು ತೆರೆಯಲಿಲ್ಲ, ಮಕ್ಕಳ ಹೊರತು.

ಪಾಸ್ಟರಣ್ಣ ಆ ದಿನ ಆಯ್ದುಕೊಂಡದ್ದು ಸುಗ್ಗಿಯ ಪಾಠವನ್ನಲ್ಲ, ಅಪೊಸ್ತಲರ ಕೃತ್ಯಗಳ ಇಪ್ಪತ್ತನೇ ಅಧ್ಯಾಯವನ್ನು. ತ್ರೋವ ಪಟ್ಟಣ, ಮೂರನೇ ಅಂತಸ್ತು, ಉರಿಯುವ ದೀಪಗಳು. ಮರುದಿನ ಹೊರಡಬೇಕಾದ ಪೌಲ ಮಧ್ಯರಾತ್ರಿಯವರೆಗೂ ಮಾತಾಡುತ್ತಾನೆ. ಕಿಟಕಿಯ ಮೇಲೆ ಕೂತ ಯೂತಿಖನೆಂಬ ಯುವಕ ತೂಕಡಿಸಿ ಕೆಳಗೆ ಬಿದ್ದುಬಿಡುತ್ತಾನೆ. ಬೆಂಚಿನಲ್ಲಿ ನಗು ಎದ್ದಿತು. ಸರಿಯಾಗಿ ಆಗಲೇ ರಾತ್ರಿ ಬಸ್ಸಿನಲ್ಲಿ ಬಂದಿಳಿದಿದ್ದ ಬೆಂಗಳೂರಿನ ಹುಡುಗನೊಬ್ಬ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದ. ಪಕ್ಕದವನು ತಿವಿಯಲು ಕೈಯೆತ್ತಿದ. ಪಾಸ್ಟರಣ್ಣ ಬೇಡವೆಂದು ಸನ್ನೆ ಮಾಡಿದರು.

"ಬಿದ್ದವನಿಗೆ ಪೌಲ ಬಯ್ದ ಅಂತ ಇಲ್ಲೆಲ್ಲೂ ಬರದಿಲ್ಲ. ಪ್ರಸಂಗ ನಿಲ್ಲಿಸಿದ, ಮೆಟ್ಟಲಿಳಿದು ಹೋಗಿ ತಬ್ಬಿಕೊಂಡ. ಆಮ್ಯಾಲೆ ಎಲ್ಲಾರೂ ಮ್ಯಾಲೆ ಬಂದು ರೊಟ್ಟಿ ಮುರದು ತಿಂದ್ರು. ನಮ್ಮ ಹುಡುಗ್ರು ಚರ್ಚಿಗೆ ಬರಂಗಿಲ್ಲ ಅಂತ ನೀವು ನನ್ನ ಕೇಳ್ತೀರಿ. ಬಿದ್ದಾಗ ನಮ್ಮೊಳಗ ಯಾರು ಮೆಟ್ಟಲಾ ಇಳದು ಹೋಗ್ಯಾರ, ಅದನ್ನೂ ಕೇಳಬೇಕಲ್ಲ?"

ಪ್ರಸಂಗ ಅಲ್ಲಿಗೇ ಮುಗಿಯಿತು. ರಾತ್ರಿಯ ಅಜ್ಜ ಗಡಿಯಾರ ನೋಡಿಕೊಂಡರು, ಇಷ್ಟು ಬೇಗನೇ ಎಂಬಂತೆ. ನನಗಂತೂ ಇಂಥ ಪ್ರಸಂಗ ಚಿಕ್ಕದಿದ್ದಷ್ಟೂ ಒಳ್ಳೆಯದು.

ಆಮೇಲೆ ಹೊರಗೆ ಲಿಲಾವು. ನಿಲುವಂಗಿ ಕಳಚಿಟ್ಟ ಪಾಸ್ಟರಣ್ಣನೇ ಕೂಗುವವರು. ಶೇಂಗಾ ಚೀಲ ಪೇಟೆಯ ದರಕ್ಕೆ ದುಪ್ಪಟ್ಟಾಗಿ ಹೋಯಿತು. ಕೊಂಡವರು ಅದನ್ನು ತಿರುಗಿ ಚರ್ಚಿಗೇ ಕೊಟ್ಟರು, ಇನ್ನೊಮ್ಮೆ ಲಿಲಾವಾಯಿತು. ಹುಂಜಗಳಿಗೆ ಅಜ್ಜ ಪೈಪೋಟಿಗೆ ಬಿದ್ದು ಗೆದ್ದರು. ಕುಂಬಳಕಾಯಿಯ ಸರದಿ ಬಂದಾಗ ಮಲಗೆದ್ದ ಹುಡುಗ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಮುಂದೆ ಬಂದ.

"ಐದುನೂರು."

"ಐನೂರಾ ಐವತ್ತು" ಅಂದಳು ಹಿಂದಿನಿಂದ ಅವನ ಅವ್ವ, ಕೂಗುವವನು ಯಾರೆಂದು ನೋಡದೆ.

"ಎಂಟುನೂರು."

"ಎಂಟುನೂರಾ ಒಂದು… ಅಯ್ಯ, ನೀನೇನೋ!"

ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. "ಎಂಟುನೂರಾ ಒಂದು, ಒಂದನೇ ಸಾರಿ!" ಪಾಸ್ಟರಣ್ಣನ ದನಿ ಹೊಲದಾಚೆಗೂ ಕೇಳುತ್ತಿತ್ತು. "ಅವ್ವ ಮಗ ಮಾತಾಡ್ಕೋಬ್ಯಾಡ್ರಿ, ಚರ್ಚಿಗೆ ಲುಕ್ಸಾನ ಆಗ್ತೈತಿ. ಎರಡನೇ ಸಾರಿ!"

ಮಗ ಸಾವಿರಕ್ಕೆ ಏರಿಸಿದ. ಅವ್ವ ಸೋತಳು. ಈಗ ಅದನ್ನು ರಾತ್ರಿಯ ಬೆಂಗಳೂರು ಬಸ್ಸಿಗೆ ಹತ್ತಿಸುವುದು ಹೇಗೆ, ಲಗೇಜು ಹಾಕುತ್ತಾರೋ ಇಲ್ಲವೋ ಎಂಬ ಚರ್ಚೆ ಶುರುವಾಯಿತು.