ಸರ್ಕಾರಿ ನೌಕರರ ಸೈಬರ್ ಪಂದ್ಯ

ಮೈಸೂರಿನ ಸಿದ್ಧಾರ್ಥನಗರದಲ್ಲಿ ಜಿಲ್ಲಾಧಿಕಾರಿಗಳ ಹೊಸ ಕಚೇರಿ ಸಂಕೀರ್ಣವಿದ್ದು, ಅಲ್ಲಿಂದ ಅನತಿದೂರದ ಲಲಿತಮಹಲ್ ರಸ್ತೆಯಲ್ಲಿ ಕೆಎಎಸ್ ಪ್ರೊಬೇಷನರಿ ಅಧಿಕಾರಿಗಳೂ ಸೇರಿದಂತೆ ರಾಜ್ಯದ ನೌಕರವರ್ಗಕ್ಕೆ ಪಾಠ ಹೇಳುವ ಆಡಳಿತ ತರಬೇತಿ ಸಂಸ್ಥೆಯೂ, ಪಂಚಾಯತ್ ರಾಜ್ ಸಂಸ್ಥೆಗಳ ಸದಸ್ಯರನ್ನೂ ಸಿಬ್ಬಂದಿಯನ್ನೂ ಅಣಿಗೊಳಿಸುವ ಅಬ್ದುಲ್ ನಜೀರ್ ಸಾಬ್ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯೂ ಇವೆ. ಕಡತ ವಿಲೇವಾರಿ ಮಾಡುವವರೂ ಅದನ್ನು ಕಲಿಸುವವರೂ ಇಷ್ಟು ಹತ್ತಿರದಲ್ಲಿರುವುದು ಅಪರೂಪವೇ. ಆದರೆ ಆ ಕಡತವೇ ಈಗ ಕಾಗದದಿಂದ ಜಾರಿಕೊಂಡಿದೆ. ಪಹಣಿ 'ಭೂಮಿ'ಯಲ್ಲಿ, ಆಸ್ತಿ ನೋಂದಣಿ 'ಕಾವೇರಿ'ಯಲ್ಲಿ, ಬಿಲ್ಲುಗಳು 'ಖಜಾನೆ-2'ರಲ್ಲಿ, ವೇತನದ ವಿವರ ಎಚ್‌ಆರ್‌ಎಂಎಸ್‌ನಲ್ಲಿ, ಟಪಾಲು ಇ-ಆಫೀಸಿನಲ್ಲಿ ಇರುವ ಈ ದಿನಗಳಲ್ಲಿ ವಿಷಯ ನಿರ್ವಾಹಕನೊಬ್ಬನ ಪಾಸ್‌ವರ್ಡ್, ಹಿಂದೆ ಶಿರಸ್ತೇದಾರರ ಸೊಂಟದಲ್ಲಿರುತ್ತಿದ್ದ ಬೀರುವಿನ ಬೀಗದ ಕೈಗೆ ಸಮ. ವ್ಯತ್ಯಾಸವೆಂದರೆ ಇದು ಕಳುವಾದುದು ಕಳೆದುಕೊಂಡವನಿಗೆ ಗೊತ್ತೇ ಆಗದಿರಬಹುದು. ಈ ಹೊಸ ಹೊಣೆಗೆ ನೌಕರರು ಎಷ್ಟರಮಟ್ಟಿಗೆ ಸಿದ್ಧರಿದ್ದಾರೆಂದು ಅಳೆಯುವುದಕ್ಕೂ ಅವರನ್ನು ಸಿದ್ಧಗೊಳಿಸುವುದಕ್ಕೂ ಹಲವು ದೇಶಗಳು ಈಚೆಗೆ ಹಿಡಿದಿರುವ ದಾರಿಯೆಂದರೆ ಸೈಬರ್ ಭದ್ರತಾ ಕೌಶಲ ಸ್ಪರ್ಧೆ.

ಇಂತಹ ಸ್ಪರ್ಧೆಗಳ ಮೂಲ ಸರ್ಕಾರದಲ್ಲಿಲ್ಲ, ಹ್ಯಾಕರ್‌ಗಳ ಜಾತ್ರೆಯಲ್ಲಿದೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ ಡೆಫ್‌ಕಾನ್ ಸಮಾವೇಶದಲ್ಲಿ 1996ರಲ್ಲಿ ಆರಂಭವಾದ 'ಕ್ಯಾಪ್ಚರ್ ದಿ ಫ್ಲ್ಯಾಗ್' ಎಂಬ ಆಟವೇ ಬಹುತೇಕ ಎಲ್ಲ ಸ್ಪರ್ಧೆಗಳಿಗೂ ಮಾದರಿ. ಕಂಪ್ಯೂಟರ್ ವ್ಯವಸ್ಥೆಯೊಂದರಲ್ಲಿ ಉದ್ದೇಶಪೂರ್ವಕವಾಗಿ ಒಂದು ದೋಷವನ್ನು ಉಳಿಸಿ, ಅದರಾಚೆಗೆ ಅಕ್ಷರಗಳ ಒಂದು ಸಾಲನ್ನು ಬಚ್ಚಿಡಲಾಗುತ್ತದೆ. ಆ ಸಾಲಿಗೆ 'ಫ್ಲ್ಯಾಗ್', ಅಂದರೆ ಪತಾಕೆ, ಎಂದು ಹೆಸರು. ದೋಷವನ್ನು ಪತ್ತೆಹಚ್ಚಿ ಪತಾಕೆಯನ್ನು ಹೊರತೆಗೆದವರಿಗೆ ಅಂಕ. ಇದರಲ್ಲಿ ಎರಡು ಪ್ರಮುಖ ಬಗೆಗಳಿವೆ: ಬಿಡಿಬಿಡಿಯಾದ ಒಗಟುಗಳನ್ನು ಬಿಡಿಸುತ್ತ ಹೋಗುವುದು ಒಂದು, ಪ್ರತಿ ತಂಡವೂ ತನ್ನ ಸರ್ವರ್ ಕಾಯ್ದುಕೊಳ್ಳುತ್ತಲೇ ಎದುರಾಳಿಯ ಸರ್ವರ್ ಮೇಲೆ ದಾಳಿ ಮಾಡುವುದು ಇನ್ನೊಂದು. ನೇಟೊಗೆ ಸಂಬಂಧಿಸಿದ, ಎಸ್ಟೋನಿಯಾದ ಟ್ಯಾಲಿನ್ ನಗರದ ಕೇಂದ್ರವು 2010ರಿಂದ ನಡೆಸುತ್ತಿರುವ 'ಲಾಕ್ಡ್ ಶೀಲ್ಡ್ಸ್' ಸಮರಾಭ್ಯಾಸದಲ್ಲಿ ಮಾತ್ರ ದಾಳಿಯ ಕೆಲಸವನ್ನು ಆಯೋಜಕರೇ ವಹಿಸಿಕೊಂಡು, ದೇಶದೇಶಗಳ ತಂಡಗಳಿಗೆ ರಕ್ಷಣೆಯ ಹೊಣೆಯನ್ನಷ್ಟೇ ಬಿಡುತ್ತಾರೆ.

ಸರ್ಕಾರಿ ನೌಕರರಿಗೆಂದೇ ರೂಪಿಸಿದ ಸ್ಪರ್ಧೆಗಳಲ್ಲಿ ಹೆಸರಾದುದು ಅಮೆರಿಕದ 'ಪ್ರೆಸಿಡೆಂಟ್ಸ್ ಕಪ್'. 2019ರ ಮೇ 2ರಂದು ಹೊರಟ ಅಧ್ಯಕ್ಷರ ಕಾರ್ಯಾದೇಶದ ಮೇರೆಗೆ ಅದೇ ವರ್ಷ ಆರಂಭವಾದ ಈ ಸ್ಪರ್ಧೆಯನ್ನು ಅಲ್ಲಿನ ಸೈಬರ್ ಭದ್ರತೆ ಮತ್ತು ಮೂಲಸೌಕರ್ಯ ಭದ್ರತಾ ಸಂಸ್ಥೆ ನಡೆಸುತ್ತದೆ. ಒಕ್ಕೂಟ ಸರ್ಕಾರದ ನಾಗರಿಕ ನೌಕರರೂ ಸೇನಾ ಸಿಬ್ಬಂದಿಯೂ ವೈಯಕ್ತಿಕವಾಗಿ ಅಥವಾ ತಂಡವಾಗಿ ಇದರಲ್ಲಿ ಭಾಗವಹಿಸಬಹುದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆಯ ತಜ್ಞರು ಇದರ ಒಗಟುಗಳನ್ನು ಹೆಣೆದಿದ್ದು, ಸ್ಪರ್ಧೆ ಮುಗಿದ ಮೇಲೆ ಅವುಗಳನ್ನು ಯಾರು ಬೇಕಾದರೂ ಅಭ್ಯಾಸ ಮಾಡುವಂತೆ ಮುಕ್ತವಾಗಿ ಪ್ರಕಟಿಸಲಾಗಿದೆ. ಗೆದ್ದವರ ಹೆಸರು ಮರೆತುಹೋದ ಮೇಲೂ ಉಳಿಯುವುದು ಈ ಪ್ರಶ್ನೆಭಂಡಾರವೇ ಆದ್ದರಿಂದ ಕಪ್‌ಗಿಂತ ಇದೇ ಹೆಚ್ಚು ಬೆಲೆಯುಳ್ಳದ್ದೆನ್ನಬೇಕು.

ಭಾರತದಲ್ಲಿ ಇದಕ್ಕೆ ಸಮೀಪವಾದುದು, ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯವು 2022ರಿಂದ ನಡೆಸುತ್ತಿರುವ 'ಭಾರತ್ ಎನ್‌ಸಿಎಕ್ಸ್' ಎಂಬ ಸೈಬರ್ ಸಮರಾಭ್ಯಾಸ. ಗುಜರಾತಿನ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಜೊತೆಗೂಡಿ 2023ರ ಅಕ್ಟೋಬರ್‌ನಲ್ಲಿ ನಡೆಸಿದ ಆವೃತ್ತಿಯಲ್ಲಿ ಸರ್ಕಾರಿ ಮತ್ತು ಖಾಸಗಿ ವಲಯದ 300ಕ್ಕೂ ಹೆಚ್ಚು ಮಂದಿ ಪಾಲ್ಗೊಂಡಿದ್ದರು. ಪೊಲೀಸ್ ಇಲಾಖೆಯಲ್ಲಂತೂ ಸ್ಪರ್ಧೆ ಹೊಸದೇನಲ್ಲ: ಬೆರಳಚ್ಚು, ಛಾಯಾಗ್ರಹಣ, ಶ್ವಾನದಳಗಳ ಜೊತೆಗೆ ಕಂಪ್ಯೂಟರ್ ವಿಭಾಗವನ್ನೂ ಒಳಗೊಂಡ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟಕ್ಕೆ ರಾಜ್ಯಗಳು ತಮ್ಮಲ್ಲಿ ಕೂಟ ನಡೆಸಿ ತಂಡಗಳನ್ನು ಆರಿಸಿ ಕಳುಹಿಸುತ್ತವೆ. ಕರ್ನಾಟಕದ ಇತರ ಇಲಾಖೆಗಳ ನೌಕರರಿಗೆ ಇಂಥದೊಂದು ಕೂಟವಿಲ್ಲ. ಓಟ, ಕಬಡ್ಡಿ, ಭಾವಗೀತೆಗಳಿಗೆ ಸರ್ಕಾರಿ ನೌಕರರ ಕ್ರೀಡಾಕೂಟ ಮತ್ತು ಸಾಂಸ್ಕೃತಿಕ ಸ್ಪರ್ಧೆಗಳಿವೆ. ದಿನವಿಡೀ ಎದುರಿಗೆ ಕೂರುವ ಕಂಪ್ಯೂಟರಿಗೆ ಸಂಬಂಧಿಸಿ ಇರುವುದು 2012ರ ನಿಯಮಗಳ ಅನ್ವಯ ಕಡ್ಡಾಯವಾದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೊಂದೇ. ತೇರ್ಗಡೆಗೆ ಕೊಟ್ಟ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋದ ಈ ಪರೀಕ್ಷೆ, ಕಂಪ್ಯೂಟರ್ ಬಳಸಲು ಬರುತ್ತದೆಯೇ ಎಂದು ನೋಡುತ್ತದೆಯೇ ಹೊರತು ಅಪಾಯ ಎದುರಾದಾಗ ನೌಕರ ಏನು ಮಾಡುತ್ತಾನೆಂಬುದನ್ನಲ್ಲ.

ಅಪಾಯವೇನೂ ಕಾಲ್ಪನಿಕವಲ್ಲ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ, ಅಂದರೆ ಟೆಂಡರ್ ಕರೆದು ಗುತ್ತಿಗೆದಾರರ ಮುಂಗಡ ಠೇವಣಿಯನ್ನು ಸ್ವೀಕರಿಸಿ ಹಿಂದಿರುಗಿಸುವ ವ್ಯವಸ್ಥೆಗೆ, ಕನ್ನ ಹಾಕಿದವರು ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ಹರಿಸಿದ್ದರು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ದಾಳಿಗೆ ಸಿಲುಕಿ, ರೋಗಿಗಳ ನೋಂದಣಿಯಿಂದ ಹಿಡಿದು ಪ್ರಯೋಗಾಲಯದ ವರದಿಯವರೆಗೆ ಎಲ್ಲವನ್ನೂ ಹಲವು ದಿನ ಕೈಬರಹದಲ್ಲೇ ನಡೆಸಬೇಕಾಯಿತು. 2025ರ ಜನವರಿಯಲ್ಲಿ 'ಕಾವೇರಿ 2.0' ಮೇಲೆ ಕೃತಕ ಕೋರಿಕೆಗಳ ಮಹಾಪೂರ ಹರಿದು ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಜನ ಕಾದು ಕುಳಿತರು. ನೌಕರರನ್ನೇ ಗುರಿಯಾಗಿಸಿದ ದಾಳಿಗಳು ಇನ್ನೂ ಸೂಕ್ಷ್ಮ: ಸರ್ಕಾರಿ ಇಮೇಲ್ ಖಾತೆಗೆ ಎರಡನೆಯ ಹಂತದ ಕಾವಲಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಕೊಟ್ಟಿದ್ದ 'ಕವಚ್' ಎಂಬ ಆ್ಯಪ್‌ನ ನಕಲಿ ಆವೃತ್ತಿಯನ್ನೇ ಹರಿಯಬಿಟ್ಟು, ಭದ್ರತೆಗೆಂದು ಅದನ್ನು ಹಾಕಿಕೊಂಡವರ ಕಂಪ್ಯೂಟರಿಗೆ ನುಗ್ಗುವ ಪ್ರಯತ್ನ 2022ರಲ್ಲಿ ಬಯಲಾಗಿತ್ತು.

ಇಂತಹ ದಾಳಿಯನ್ನು ಸ್ಪರ್ಧೆಯ ಪ್ರಶ್ನೆಯಾಗಿ ಮಾರ್ಪಡಿಸುವುದು ಹೇಗೆಂಬುದನ್ನು ಒಂದು ಊಹಿತ ಉದಾಹರಣೆಯಿಂದ ತಿಳಿಯಬಹುದು. ಸ್ಪರ್ಧಿಯ ಪರದೆಯ ಮೇಲೆ ಐದು ಇಮೇಲ್‌ಗಳಿವೆ. ಅವುಗಳಲ್ಲೊಂದು 'ಅತೀ ಜರೂರು' ಎಂಬ ತಲೆಬರಹದಡಿ, ವೇತನ ಬಡ್ತಿಯ ವಿವರವನ್ನು ಸಂಜೆಯೊಳಗೆ ದೃಢೀಕರಿಸಲು ಎಚ್‌ಆರ್‌ಎಂಎಸ್‌ಗೆ ಲಾಗಿನ್ ಆಗಬೇಕೆಂದು ಮೇಲಧಿಕಾರಿಯ ಹೆಸರಿನಲ್ಲಿ ಸೂಚಿಸುತ್ತದೆ. ಕೊಂಡಿಯ ವಿಳಾಸದಲ್ಲಿ 'ಕರ್ನಾಟಕ', 'ಗವ್', 'ಇನ್' ಎಂಬ ಮೂರೂ ತುಣುಕುಗಳು ಸರಿಯಾಗಿಯೇ ಇವೆ. ಆದರೆ ಅವುಗಳ ಬಳಿಕ ಮತ್ತೊಂದು ಚುಕ್ಕೆ, ಅದರ ಮುಂದೆ ಅಪರಿಚಿತವಾದ ಒಂದು ಹೆಸರು ಮತ್ತು 'ಕಾಮ್' ಇದೆ. ಜಾಲತಾಣದ ಒಡೆಯ ಯಾರೆಂಬುದನ್ನು ಮೊದಲ ಒಂಟಿ ಓರೆಗೆರೆಯ ಹಿಂದಿನ ಭಾಗವನ್ನು ಬಲದಿಂದ ಎಡಕ್ಕೆ ಓದಿ ತಿಳಿಯಬೇಕೇ ಹೊರತು, ಆರಂಭದ ಪದಗಳನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಇಷ್ಟು ಗುರುತಿಸಿದರೆ ಅರ್ಧ ಅಂಕ. ಉಳಿದರ್ಧ ಲಾಗ್‌ನಲ್ಲಿದೆ, ಲಾಗ್ ಎಂದರೆ ಯಾವ ಖಾತೆಯಿಂದ ಯಾವ ಹೊತ್ತಿಗೆ ಎಲ್ಲಿಂದ ಪ್ರವೇಶವಾಯಿತೆಂದು ಯಂತ್ರ ತಾನಾಗಿ ಬರೆದಿಡುವ ದಿನಚರಿ. ಗಳಿಕೆ ರಜೆಯಲ್ಲಿರುವ ನೌಕರನೊಬ್ಬನ ಖಾತೆ ರಾತ್ರಿ ಎರಡು ಗಂಟೆಗೆ ತೆರೆದುಕೊಂಡಿರುವ ಸಾಲನ್ನು ನೂರಾರು ಸಾಲುಗಳ ನಡುವಿನಿಂದ ಹೆಕ್ಕುವುದು ತಂತ್ರಜ್ಞನಿಗಿಂತ ಹಾಜರಿ ಪುಸ್ತಕ ನೋಡಿ ಪಳಗಿದ ಕಣ್ಣಿಗೇ ಸುಲಭವಾದೀತು.

ಇಲ್ಲಿಯೇ ಈ ಸ್ಪರ್ಧೆಗಳ ದೊಡ್ಡ ಕೊರತೆಯೂ ಕಾಣಿಸುತ್ತದೆ. ಅವು ವೇಗಕ್ಕೆ ಮಣೆ ಹಾಕುತ್ತವೆ. ಗಡಿಯಾರದೊಡನೆ ಓಡುತ್ತ ಬೀಗ ಮುರಿಯುವವನೇ ಅಲ್ಲಿ ಶೂರ. ಸರ್ಕಾರಿ ಕಚೇರಿಯಲ್ಲಿ ಬೇಕಾದುದು ಬಹುಪಾಲು ಇದಕ್ಕೆ ವಿರುದ್ಧವಾದ ಗುಣ: ಜರೂರು ಎಂದವನ ಮಾತಿಗೆ ತಡೆದು, ಗೊತ್ತಿರುವ ಸಂಖ್ಯೆಗೆ ದೂರವಾಣಿ ಮಾಡಿ ಖಚಿತಪಡಿಸಿಕೊಂಡು, ಆಮೇಲಷ್ಟೇ ಡಿಜಿಟಲ್ ಸಹಿಯ ಡೋಂಗಲ್ ಚುಚ್ಚುವ ನಿಧಾನ. ವಿಳಂಬಕ್ಕೆ ಹೆಸರಾದ ಕಚೇರಿಗಳಿಗೆ ನಿಧಾನವನ್ನು ಬೋಧಿಸುವುದು ವಿಚಿತ್ರವೆನಿಸಿದರೂ, ವಂಚಕರು ದುಡಿಸಿಕೊಳ್ಳುವುದು ಮೇಲಧಿಕಾರಿಯ ಹೆಸರು ಕೇಳಿದೊಡನೆ ಹುಟ್ಟುವ ಗಡಿಬಿಡಿಯನ್ನೇ ಎಂಬುದನ್ನು ಮರೆಯುವಂತಿಲ್ಲ. ವೇಗ ಬೇಕಾದ ಒಂದು ಘಟ್ಟವೂ ಇದೆ. ಸೈಬರ್ ಅವಘಡಗಳನ್ನು ನಿಭಾಯಿಸುವ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಕಾರಿ ಸಂಸ್ಥೆಗಳೂ ಅದಕ್ಕೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ತಪ್ಪು ಕೊಂಡಿ ಒತ್ತಿದವನು ನೋಟಿಸಿನ ಭಯದಿಂದ ಬಾಯಿ ಮುಚ್ಚಿಕೊಂಡರೆ ಆ ಆರು ಗಂಟೆಗಳ ಎಣಿಕೆ ಆರಂಭವಾಗುವುದೇ ಇಲ್ಲ. ಒತ್ತದೆ ಉಳಿದವನಿಗೆ ಕೊಟ್ಟಷ್ಟೇ ಅಂಕವನ್ನು, ಒತ್ತಿ ಕೂಡಲೇ ತಿಳಿಸಿದವನಿಗೂ ಕೊಡುವ ಸ್ಪರ್ಧೆ ಕಚೇರಿಯ ನಿಜಸ್ಥಿತಿಗೆ ಹತ್ತಿರವಾದುದು.

ರಾಜ್ಯ ಸರ್ಕಾರ 2024ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ಸೈಬರ್ ಭದ್ರತಾ ನೀತಿಯಲ್ಲಿ ಎರಡು ಭಾಗಗಳಿವೆ: ಜನಜಾಗೃತಿ, ಶಿಕ್ಷಣ, ಉದ್ಯಮಗಳಿಗೆ ಸಂಬಂಧಿಸಿದ್ದು ಸಾರ್ವಜನಿಕರ ಮುಂದಿದ್ದರೆ, ಸರ್ಕಾರದ್ದೇ ಕಂಪ್ಯೂಟರ್ ವ್ಯವಸ್ಥೆಗಳನ್ನು ಗಟ್ಟಿಗೊಳಿಸುವ ಭಾಗ ಆಂತರಿಕ ಬಳಕೆಗೆ ಮೀಸಲು. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಕೆಲಸ ಮಾಡುವ 'ಸೈಸೆಕ್' ಉತ್ಕೃಷ್ಟತಾ ಕೇಂದ್ರದ ಪರಿಣತಿಯೂ, ಆಡಳಿತ ತರಬೇತಿ ಸಂಸ್ಥೆಯ ಅಧೀನದಲ್ಲಿ ಜಿಲ್ಲೆಜಿಲ್ಲೆಗಳಲ್ಲಿರುವ ಜಿಲ್ಲಾ ತರಬೇತಿ ಸಂಸ್ಥೆಗಳ ಕೊಠಡಿಗಳೂ ಒಂದೆಡೆ ಸೇರಿದರೆ ತಾಲ್ಲೂಕಿನಿಂದ ರಾಜ್ಯಮಟ್ಟದವರೆಗೆ ಸ್ಪರ್ಧೆ ನಡೆಸಲು ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲ. ಬೇಕಿರುವುದು ಕನ್ನಡದಲ್ಲಿ ಹೆಣೆದ, ಇಲ್ಲಿನ ಕಡತ, ಸುತ್ತೋಲೆ, ಜ್ಞಾಪನಗಳ ರೂಪವನ್ನೇ ತಾಳಿದ ಪ್ರಶ್ನೆಗಳು, ಮತ್ತು ಗೆದ್ದವರ ಸೇವಾ ಪುಸ್ತಕದಲ್ಲಿ ಅದನ್ನು ನಮೂದಿಸುವ ಒಂದು ಆದೇಶ.

ಯಾರು ಸ್ಪರ್ಧಿಸಬಹುದೆಂಬ ಪ್ರಶ್ನೆ ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯುವುದಲ್ಲ. ನಾಡಕಚೇರಿಗಳಿಂದ ಜಿಲ್ಲಾ ಕಚೇರಿಗಳವರೆಗೆ ಅನೇಕ ಕಡೆ ದಿನದ ಬಹುಪಾಲು ಕೀಲಿಮಣೆ ಒತ್ತುವವರು ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್‌ಗಳು. ಕೆಲಸದ ಒತ್ತಡದಲ್ಲಿ ಅಧಿಕಾರಿಯ ಲಾಗಿನ್ ಅವರ ಕೈಗೆ ಹೋಗುವುದೂ ಉಂಟು. ನೌಕರರ ಸ್ಪರ್ಧೆಯ ಅರ್ಜಿ ನಮೂನೆಯಲ್ಲಿ ಸರ್ಕಾರಿ ವಿಮಾ ಇಲಾಖೆ ನೌಕರರಿಗೆ ಕೊಡುವ ಕೆಜಿಐಡಿ ಸಂಖ್ಯೆಯ ಅಂಕಣವೊಂದು ಕಡ್ಡಾಯವಾಗಿ ಇದ್ದುಬಿಟ್ಟರೆ, ಆ ಸಂಖ್ಯೆ ಇಲ್ಲದ ಇವರೆಲ್ಲರೂ ಮೊದಲ ಸುತ್ತಿಗೂ ಮುನ್ನವೇ ಹೊರಗುಳಿಯುತ್ತಾರೆ.