ಹಾಲಿನ ಸೈಕಲ್ಲಿಗೆ ಕ್ಯಾರಿಯರ್, ಸ್ಟ್ಯಾಂಡ್, ದೀಪ ಕೂರಿಸುವ ಸರಿಯಾದ ಕ್ರಮ



ಮೇವು, ಕೆಚ್ಚಲುಬಾವು, ಶುದ್ಧ ಹಾಲು ಉತ್ಪಾದನೆ ಮುಂತಾದ ವಿಷಯಗಳ ಬಗ್ಗೆ ಈ ಪುಟಗಳಲ್ಲಿ ಆಗಾಗ ಓದುತ್ತಿರುತ್ತೀರಿ. ಆದರೆ ಕರೆದ ಹಾಲು ಕೊಟ್ಟಿಗೆಯಿಂದ ಸಂಘದ ಬಾಗಿಲವರೆಗೆ ಹೇಗೆ ಬರುತ್ತದೆ ಎಂಬುದರ ಕಡೆ ನಾವು ಗಮನ ಕೊಡುವುದು ಕಡಿಮೆ. ಇಂದು ಎಷ್ಟೋ ಮನೆಗಳಿಗೆ ಮೊಪೆಡ್, ಮೋಟಾರ್ ಸೈಕಲ್ ಬಂದಿವೆ. ಆದರೂ ತೋಟದ ಮನೆಗಳಿಂದ, ದೂರದ ಹಟ್ಟಿಗಳಿಂದ ಬೆಳಗ್ಗೆ ಸಂಜೆ ಸೈಕಲ್ಲಿನಲ್ಲೇ ಹಾಲು ತರುವ ಸದಸ್ಯರು ಇನ್ನೂ ಇದ್ದಾರೆ. ಅವರ ಸೈಕಲ್ಲಿಗೆ ಹಾಲಿನ ಭಾರ ಹೊರಲು ಬೇಕಾದ ಕ್ಯಾರಿಯರ್, ಸ್ಟ್ಯಾಂಡ್, ಕೊಕ್ಕೆ, ದೀಪ ಇವುಗಳನ್ನು ಹೇಗೆ ಜೋಡಿಸಬೇಕು ಎಂಬುದೇ ಈ ಲೇಖನದ ವಿಷಯ.

ಹಾಲಿನ ಬೆಲೆಗೂ ಸೈಕಲ್ಲಿಗೂ ಏನು ಸಂಬಂಧ?

ಸಡಿಲವಾದ ಕ್ಯಾರಿಯರಿನ ಮೇಲೆ ಅರ್ಧ ತುಂಬಿದ ಕ್ಯಾನು ಕಲ್ಲುರಸ್ತೆಯಲ್ಲಿ ಕುಲುಕುತ್ತಾ ಬಂದರೆ ಏನಾಗುತ್ತದೆ? ಕಡೆಗೋಲಿನಿಂದ ಕಡೆದಾಗ ಬೆಣ್ಣೆ ಹೇಗೆ ಬೇರೆಯಾಗುತ್ತದೋ ಹಾಗೆಯೇ ಹಾಲಿನ ಜಿಡ್ಡು ಸಣ್ಣ ಗಂಟುಗಳಾಗಿ ಕೂಡಿಕೊಂಡು ಕ್ಯಾನಿನ ಮುಚ್ಚಳಕ್ಕೂ ಗೋಡೆಗೂ ಹತ್ತುತ್ತದೆ. ಒಮ್ಮೆ ಹೀಗೆ ಗಂಟಾದ ಜಿಡ್ಡು ಸಂಘದಲ್ಲಿ ಹಾಲನ್ನು ಕಲಕಿದರೂ ಸರಿಯಾಗಿ ಬೆರೆಯುವುದಿಲ್ಲ. ಪರೀಕ್ಷೆಗೆ ತೆಗೆದ ಮಾದರಿಯಲ್ಲಿ ಜಿಡ್ಡಿನಂಶ ಕಡಿಮೆ ಬರುತ್ತದೆ. ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನೋಡಿ ಹಾಲಿಗೆ ಬೆಲೆ ಕಟ್ಟುವುದರಿಂದ ನಷ್ಟ ನಿಮ್ಮದೇ. ಆಗ ಪರೀಕ್ಷಕರ ಮೇಲೆ ಸಂಶಯಪಟ್ಟು ಫಲವಿಲ್ಲ.

ಚೆಲ್ಲುವ ಹಾಲಿನ ಲೆಕ್ಕವನ್ನೂ ಹಾಕಿ ನೋಡಿ. ಹೊತ್ತಿಗೆ 50 ಮಿ.ಲೀ.ನಂತೆ ಎರಡು ಹೊತ್ತು ಚೆಲ್ಲಿದರೆ ದಿನಕ್ಕೆ 100 ಮಿ.ಲೀ. ಆಯಿತು. ವರ್ಷಕ್ಕೆ 36 ಲೀಟರಿಗೂ ಹೆಚ್ಚು ಹಾಲು ರಸ್ತೆಯ ಪಾಲು. ಇನ್ನು ಕತ್ತಲಲ್ಲಿ ಸೈಕಲ್ಲು ಮಗುಚಿ ಸವಾರನಿಗೇ ಪೆಟ್ಟಾದರೆ ಅದಕ್ಕೆ ಯಾವ ಲೆಕ್ಕವೂ ಇಲ್ಲ.

ಮೊದಲ ನಿಯಮ: ಫ್ರೇಮಿಗೆ ತೂತು ಬೇಡ, ವೆಲ್ಡಿಂಗ್ ಬೇಡ

ಸೈಕಲ್ಲಿನ ಫ್ರೇಮು ಮನುಷ್ಯನ ಬೆನ್ನುಮೂಳೆ ಇದ್ದ ಹಾಗೆ. ಹೊರಗಿನಿಂದ ಗಟ್ಟಿ ಸಲಾಕೆಯಂತೆ ಕಂಡರೂ ಒಳಗೆ ಟೊಳ್ಳಾದ ತೆಳು ಉಕ್ಕಿನ ಕೊಳವೆ ಅದು. ಕ್ಯಾನಿನ ಕೊಕ್ಕೆ ಕೂರಿಸಲೆಂದು ಅದಕ್ಕೆ ತೂತು ಕೊರೆದರೆ ಕೊಳವೆಯ ಬಲ ಅಲ್ಲೇ ಕುಗ್ಗುತ್ತದೆ. ಮಳೆನೀರು ಒಳಗೆ ಇಳಿದು ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಯುತ್ತದೆ. ವೆಲ್ಡಿಂಗಿನ ಕಾವಿಗೆ ತೆಳುವಾದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ಬೆಸುಗೆಯ ಅಂಚಿನಲ್ಲೇ ಮುಂದೊಂದು ದಿನ ಬಿರುಕು ಬಿಡುತ್ತದೆ. ಇಂಥ ಫ್ರೇಮು ಮುರಿಯುವುದು ಮನೆಯಲ್ಲಿ ನಿಂತಿರುವಾಗಲ್ಲ, ಭಾರ ಹೊತ್ತು ಇಳಿಜಾರಿನಲ್ಲಿ ಹೋಗುವಾಗ.

ಆದ್ದರಿಂದ ಏನನ್ನು ಜೋಡಿಸುವುದಿದ್ದರೂ ಪಟ್ಟಿಯ ಕ್ಲಾಂಪು ಹಾಕಿ ನಟ್ಟು ಬೋಲ್ಟಿನಿಂದ ಬಿಗಿಯಬೇಕು, ಇಲ್ಲವೇ ಚಕ್ರದ ಆಕ್ಸಲ್ಲಿಗೆ ಕೂರಿಸಬೇಕು. ಈಗಿನ ಕೆಲವು ಸೈಕಲ್ಲುಗಳಲ್ಲಿ ಹಿಂದಿನ ಆಕ್ಸಲ್ಲಿನ ಪಕ್ಕದಲ್ಲಿ ಬೋಲ್ಟು ತಿರುಗಿಸಲು ಮರೆ ಇರುವ ತೂತುಗಳನ್ನು ತಯಾರಕರೇ ಕೊಟ್ಟಿರುತ್ತಾರೆ. ಅವುಗಳನ್ನು ಬಳಸಬಹುದು. ಫ್ರೇಮಿನಲ್ಲೇ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ಲುಗಳು ಹಾಲಿನ ಭಾರಕ್ಕೆ ತಕ್ಕವಲ್ಲ.

ಕ್ಲಾಂಪಿಗೂ ಫ್ರೇಮಿಗೂ ನಡುವೆ ಹಳೆಯ ಟ್ಯೂಬಿನ ತುಂಡನ್ನು ಒಂದು ಸುತ್ತು ಸುತ್ತಿರಿ. ಕ್ಲಾಂಪು ಜಾರುವುದಿಲ್ಲ, ಬಣ್ಣ ಕಿತ್ತು ತುಕ್ಕು ಹಿಡಿಯುವುದಿಲ್ಲ.

ಕ್ಯಾರಿಯರ್

ಭಾರ ಎಷ್ಟೆಂದು ಮೊದಲು ತಿಳಿಯಿರಿ. 1 ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. 10 ಲೀಟರಿನ ಎರಡು ಕ್ಯಾನು ತುಂಬಿದರೆ ಹಾಲೇ 20 ಕೆ.ಜಿ.ಗೆ ಮೇಲಾಯಿತು, ಕ್ಯಾನುಗಳ ತೂಕ ಬೇರೆ. ಹಳೆಯ ಮಾದರಿಯ ದೊಡ್ಡ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನ ಚಕ್ರಕ್ಕೆ 40 ಕಡ್ಡಿ ಇರುವುದು ಸುಮ್ಮನೆ ಅಲ್ಲ. ಹೆಚ್ಚಿನ ಭಾರ ಹೊರುವುದು ಹಿಂದಿನ ಚಕ್ರವೇ.

ಕ್ಯಾರಿಯರಿನ ಕೆಳಗಾಲುಗಳು ಹಿಂದಿನ ಆಕ್ಸಲ್ಲಿನ ಎರಡೂ ಬದಿಗೆ ಕೂರಬೇಕು. ಮುಂದಿನ ತುದಿ ಸೀಟಿನ ಕೆಳಗೆ ಫ್ರೇಮಿಗೆ ಕ್ಲಾಂಪಿನಿಂದ ಬಿಗಿಯಾಗಬೇಕು. ಭಾರ ಕಾಲುಗಳ ಮೂಲಕ ಆಕ್ಸಲ್ಲಿಗೆ ಇಳಿಯಬೇಕೇ ಹೊರತು ಮಡ್‌ಗಾರ್ಡಿನ ಮೇಲೆ ಕೂರಬಾರದು. ಕ್ಯಾರಿಯರಿನ ಮೇಲೆ ತೂಕದ ಮಿತಿ ಬರೆದಿದ್ದರೆ ಅದನ್ನು ಮೀರಕೂಡದು.

ಒಂದೇ ಆಕ್ಸಲ್ಲಿಗೆ ಸ್ಟ್ಯಾಂಡು, ಕ್ಯಾರಿಯರಿನ ಕಾಲು, ಮಡ್‌ಗಾರ್ಡಿನ ಕಂಬಿ ಎಲ್ಲವನ್ನೂ ಪೋಣಿಸಿದಾಗ ನಟ್ಟಿಗೆ ಉಳಿಯುವ ಮರೆ ಕಡಿಮೆಯಾಗುತ್ತದೆ. ನಟ್ಟು ಪೂರ್ತಿ ಕೂತು, ಆಕ್ಸಲ್ಲಿನ ಒಂದೆರಡು ಸುತ್ತು ಮರೆ ಹೊರಗೆ ಕಾಣಬೇಕು. ಕಾಣದಿದ್ದರೆ ಉದ್ದನೆಯ ಆಕ್ಸಲ್ ಹಾಕಿಸಿರಿ. ಎರಡು ಸುತ್ತಿನ ಹಿಡಿತದಲ್ಲಿ 20 ಲೀಟರ್ ಹಾಲನ್ನು ಒಪ್ಪಿಸುವುದು ಜಾಣತನವಲ್ಲ. ಈ ಕೆಲಸ ಮುಗಿದ ಮೇಲೆ ಚಕ್ರ ನಡುವೆ ನಿಂತಿದೆಯೇ ಎಂದು ನೋಡಿ. ಚೈನನ್ನು ನಡುಭಾಗದಲ್ಲಿ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಸುಮಾರು ಅರ್ಧ ಇಂಚು ಆಡಬೇಕು.

ಸ್ಟ್ಯಾಂಡ್

ಹಾಲಿನ ಸೈಕಲ್ಲಿಗೆ ಒಂಟಿ ಕಾಲಿನ ಸೈಡ್ ಸ್ಟ್ಯಾಂಡ್ ಸಾಲದು. ಎರಡು ಕಾಲಿನ ಸ್ಟ್ಯಾಂಡನ್ನೇ ಹಿಂದಿನ ಆಕ್ಸಲ್ಲಿಗೆ ಹಾಕಿಸಬೇಕು. ಎತ್ತಿದ ಸ್ಟ್ಯಾಂಡು ಕೆಳಗೆ ಬೀಳದಂತೆ ಅದರ ಸ್ಪ್ರಿಂಗು ಅಥವಾ ಕ್ಲಿಪ್ಪು ಬಿಗಿಯಾಗಿರಲಿ. ಸೈಕಲ್ಲನ್ನು ಮೊದಲು ಸ್ಟ್ಯಾಂಡಿಗೆ ಹಾಕಿ, ಆಮೇಲೆ ಒಂದು ಕೈ ಸೀಟಿನ ಮೇಲಿಟ್ಟುಕೊಂಡು ಕ್ಯಾನು ಏರಿಸಿರಿ. ಸಂಘದ ಮುಂದೆ ಒಂದು ಕಡೆಯ ಕ್ಯಾನು ಇಳಿಸಿದೊಡನೆ ಸೈಕಲ್ಲು ಇನ್ನೊಂದು ಕಡೆಗೆ ವಾಲುತ್ತದೆ ಎಂಬುದು ನೆನಪಿರಲಿ. ಹತ್ತಿರ ಯಾರಾದರೂ ಇದ್ದರೆ "ಸ್ವಲ್ಪ ಹಿಡ್ಕೊಳಪ್ಪಾ" ಎಂದು ಕೇಳಲು ಸಂಕೋಚ ಬೇಡ.

ಕ್ಯಾನು ಎಲ್ಲಿರಬೇಕು?

ಹ್ಯಾಂಡಲ್ಲಿಗೆ ಕ್ಯಾನು ತೂಗುಹಾಕುವ ರೂಢಿಯನ್ನು ಬಿಡಬೇಕು. ಹ್ಯಾಂಡಲ್ ತಿರುಗಿಸಿದಾಗ ಕ್ಯಾನು ತೂಗಾಡಿ ಸವಾರನ ಹಿಡಿತ ತಪ್ಪಿಸುತ್ತದೆ. ಅದರ ಹಿಡಿ ಅಥವಾ ಹಗ್ಗ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿದರೆ ಸೈಕಲ್ಲು ನಿಂತಲ್ಲೇ ಮಗುಚುತ್ತದೆ.

ಒಂದೇ ಕ್ಯಾನಿದ್ದರೆ ಕ್ಯಾರಿಯರಿನ ನಡುವೆ, ಸೀಟಿಗೆ ತಾಗುವಂತೆ ನೇರವಾಗಿ ನಿಲ್ಲಿಸಿ ಕಟ್ಟಿರಿ. ಎರಡಿದ್ದರೆ ಕ್ಯಾರಿಯರಿನ ಎರಡೂ ಬದಿಗೆ ಕಬ್ಬಿಣದ ಕೊಕ್ಕೆ ಹಾಕಿಸಿ ಸಮತೂಕವಾಗಿ ತೂಗುಹಾಕಿರಿ. ಭಾರ ಕೆಳಗಿದ್ದಷ್ಟೂ ಸೈಕಲ್ಲು ವಾಲುವುದು ಕಡಿಮೆ. ಕ್ಯಾನು ಆಕ್ಸಲ್ಲಿಗಿಂತ ತೀರಾ ಹಿಂದಕ್ಕೆ ಹೋದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಓಲಾಡುತ್ತದೆ. ತೀರಾ ಮುಂದಕ್ಕೆ ಬಂದರೆ ಪೆಡಲ್ ತುಳಿಯುವಾಗ ಹಿಮ್ಮಡಿ ತಾಗುತ್ತದೆ. ಇವೆರಡರ ನಡುವಿನ ಜಾಗವನ್ನು ಖಾಲಿ ಕ್ಯಾನು ಹಾಕಿಕೊಂಡು ಒಮ್ಮೆ ತುಳಿದು ನೋಡಿ ಗೊತ್ತುಮಾಡಿಕೊಳ್ಳಿ. ಕ್ಯಾನಿನ ತಳ ಕಡ್ಡಿಗಳ ಕಡೆಗೆ ಆಡದಂತೆ ಅದನ್ನು ಕ್ಯಾರಿಯರಿನ ಕಾಲಿಗೆ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ಪಟ್ಟಿಯ ತುದಿ ಇಳಿಬೀಳದಿರಲಿ.

ಹಾಲಿಗೆ ತಕ್ಕ ಅಳತೆಯ ಕ್ಯಾನು ಆರಿಸಿಕೊಳ್ಳಿ. 5 ಲೀಟರ್ ಹಾಲಿಗೆ 10 ಲೀಟರಿನ ಕ್ಯಾನು ತಂದರೆ ಕುಲುಕಾಟ ಹೆಚ್ಚು. ತುಳುಕದಿರಲೆಂದು ಕ್ಯಾನಿನ ಬಾಯಿಗೆ ಹುಲ್ಲು, ಸೊಪ್ಪು, ಬಟ್ಟೆ ತುರುಕುವುದು ಸರ್ವಥಾ ಕೂಡದು. ಅದರಲ್ಲಿರುವ ಕೊಳೆ, ಸೂಕ್ಷ್ಮಾಣುಗಳು ಹಾಲಿಗಿಳಿದು ಹಾಲು ಬೇಗ ಹುಳಿಯುತ್ತದೆ. ಬಿಗಿಯಾದ ಮುಚ್ಚಳವೇ ಸರಿಯಾದ ಉಪಾಯ. ಬಿಸಿಲಿನಲ್ಲಿ ಬರುವವರು ಕ್ಯಾನಿನ ಹೊರಗೆ ತೊಳೆದ ಒದ್ದೆ ಗೋಣಿಚೀಲ ಸುತ್ತಿದರೆ ಹಾಲು ತಂಪಾಗಿರುತ್ತದೆ, ಕಬ್ಬಿಣಕ್ಕೆ ಕ್ಯಾನು ಬಡಿಯುವುದೂ ತಪ್ಪುತ್ತದೆ.

ಮರಳುವಾಗ ಪಶು ಆಹಾರದ 50 ಕೆ.ಜಿ. ಚೀಲ ಹೇರಿದರೆ ಭಾರ ಹಾಲಿನ ಎರಡರಷ್ಟಾಯಿತು. ಅಂಥ ದಿನ ಸೈಕಲ್ಲನ್ನು ತುಳಿಯದೆ ತಳ್ಳಿಕೊಂಡು ಹೋಗುವುದೇ ಕ್ಷೇಮ.

ದೀಪ ಮತ್ತು ಕೆಂಪು ಬಿಲ್ಲೆ

ಮುಂಜಾನೆಯ ಕತ್ತಲಲ್ಲಿ, ಮಂಜಿನಲ್ಲಿ ಬರುವವರಿಗೆ ದೀಪ ಅತ್ಯಗತ್ಯ. ಡೈನಮೋ ಕೂರಿಸುವಾಗ ಎರಡು ಸಂಗತಿ ಗಮನಿಸಬೇಕು. ಒಂದು, ಅದರ ಉರುಳೆಯ ನಡುಗೆರೆಯನ್ನು ಮನಸ್ಸಿನಲ್ಲೇ ಮುಂದಕ್ಕೆ ಎಳೆದರೆ ಅದು ಚಕ್ರದ ನಟ್ಟನಡುವೆ ಹಾಯಬೇಕು. ಓರೆಯಾದರೆ ಟೈರು ಸವೆಯುತ್ತದೆ, ತುಳಿಯುವುದೂ ಭಾರವಾಗುತ್ತದೆ. ಎರಡು, ಡೈನಮೋದಿಂದ ದೀಪಕ್ಕೆ ಸಾಮಾನ್ಯವಾಗಿ ಒಂದೇ ತಂತಿ ಇರುತ್ತದೆ. ಎರಡನೆಯ ತಂತಿಯ ಕೆಲಸವನ್ನು ಫ್ರೇಮೇ ಮಾಡುತ್ತದೆ. ಹಾಗಾಗಿ ಮೇಲೆ ಹೇಳಿದ ಟ್ಯೂಬಿನ ತುಂಡನ್ನು ಇಲ್ಲಿ ಮಾತ್ರ ಹಾಕಬಾರದು. ಕ್ಲಾಂಪಿನಲ್ಲಿರುವ ಮೊನಚಾದ ಸ್ಕ್ರೂ ಬಣ್ಣವನ್ನು ಗೀರಿ ಉಕ್ಕಿಗೆ ತಾಗಿದರೇನೇ ದೀಪ ಉರಿಯುತ್ತದೆ.

ಸೈಕಲ್ಲು ನಿಂತರೆ ಡೈನಮೋ ದೀಪವೂ ಆರುತ್ತದೆ. ಆದ್ದರಿಂದ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಬಿಲ್ಲೆ ಇರಲೇಬೇಕು. ಅದನ್ನು ಕ್ಯಾನಿನ ಮರೆಯಾಗದಂತೆ ಮಡ್‌ಗಾರ್ಡಿನ ಕೆಳಭಾಗದಲ್ಲಿ ಕೂರಿಸಿರಿ. ಬ್ಯಾಟರಿಯ ಎಲ್.ಇ.ಡಿ. ದೀಪಗಳೂ ಈಗ ಸಿಗುತ್ತವೆ. ಅವುಗಳನ್ನು ಹ್ಯಾಂಡಲ್ಲಿಗೆ ರಬ್ಬರ್ ಪಟ್ಟಿಯಿಂದಲೇ ಕಟ್ಟಬಹುದು.

ವಾರಕ್ಕೊಮ್ಮೆ ಹತ್ತು ನಿಮಿಷ

ರಸ್ತೆಯ ಅದುರಾಟಕ್ಕೆ ಎಂಥ ನಟ್ಟೂ ಸಡಿಲವಾಗುತ್ತದೆ. ಪ್ರತಿ ಬೋಲ್ಟಿಗೂ ಸ್ಪ್ರಿಂಗ್ ವಾಷರ್ ಹಾಕಿ, ಅಥವಾ ಒಂದರ ಮೇಲೊಂದು ಎರಡು ನಟ್ಟು ಬಿಗಿಯಿರಿ. ವಾರಕ್ಕೊಂದು ದಿನ ಸಂಜೆ ಸ್ಪ್ಯಾನರ್ ಹಿಡಿದು ಆಕ್ಸಲ್ ನಟ್ಟು, ಕ್ಯಾರಿಯರ್, ಸ್ಟ್ಯಾಂಡು, ಕೊಕ್ಕೆ ಎಲ್ಲವನ್ನೂ ಒಮ್ಮೆ ಬಿಗಿಮಾಡಿ. ಕಡ್ಡಿಗಳನ್ನು ಬೆರಳಿನಿಂದ ಮೀಟಿ ನೋಡಿ. ಸಡಿಲವಾದದ್ದರ ದನಿಯೇ ಬೇರೆ. ಬ್ರೇಕ್ ರಬ್ಬರ್ ಸವೆದಿದ್ದರೆ ಕೂಡಲೇ ಬದಲಿಸಿ. ಭಾರವಿದ್ದಾಗ ಸೈಕಲ್ಲು ನಿಲ್ಲಲು ಹೆಚ್ಚು ದೂರ ಬೇಕು. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕ್ ಇನ್ನೂ ಕಡಿಮೆ ಹಿಡಿಯುತ್ತದೆ.

ಒಟ್ಟಿನಲ್ಲಿ ಫ್ರೇಮಿಗೆ ಏನನ್ನೇ ಜೋಡಿಸಿದರೂ ಬಿಗಿಯಿರಿ, ಕೊರೆಯಬೇಡಿ. ಭಾರ ಕೆಳಗಿರಲಿ, ಎರಡೂ ಕಡೆ ಸಮನಾಗಿರಲಿ, ಅಲುಗಾಡದಿರಲಿ. ಇದಕ್ಕೆ ತಗಲುವುದು ಕೆಲವು ನಟ್ಟು, ವಾಷರ್, ಹಳೆಯ ಟ್ಯೂಬು ಮತ್ತು ಸ್ವಲ್ಪ ಹೊತ್ತು ಮಾತ್ರ. ಮನೆಮಂದಿಯೆಲ್ಲ ಸೇರಿ ಹಸು ಸಾಕಿ, ನಸುಕಿನಲ್ಲೆದ್ದು ಕರೆದ ಹಾಲು ಒಂದು ಹನಿಯೂ ಚೆಲ್ಲದೆ ಸಂಘ ಸೇರಲಿ. ಹಾಲು ತಂದವರೂ ಕ್ಷೇಮವಾಗಿ ಮನೆ ಸೇರಲಿ.